ಮೂರು ಕಾಲಿಗೆ ತೆಂಗಿನೆಣ್ಣೆ

ಮಣ್ಣಗುಡ್ಡದ ಅತ್ತೆಮನೆಯ ಗೋಡೆಯ ತುಂಬ ಫೋಟೋಗಳು. ಎಲ್ಲವೂ ಅತ್ತೆಯ ಮಗ ಮುಖೇಶ್ ದುಬೈಯಿಂದ ತಂದ ಫೋನಿನಲ್ಲಿ ತೆಗೆದವು. ಅಳಿಯ ಜಿತೇಶ್ ತೆಗೆದದ್ದು ಒಂದೂ ಇಲ್ಲ. ಈ ಘೋರ ಅನ್ಯಾಯದಿಂದ ಹೊಟ್ಟೆ ಉರಿದು, ಅತ್ತೆ ಜಯಮ್ಮನ ಎಪ್ಪತ್ತನೆಯ ಹುಟ್ಟುಹಬ್ಬದ ಗ್ರೂಪ್ ಫೋಟೋ ತನ್ನದೇ ಎಂದು ಜಿತೇಶ್ ಘೋಷಿಸಿಬಿಟ್ಟ.

"ಚಂದ ಬಂದ್ರೆ ಎದುರು ಬಾಗಿಲಿನ ಮೇಲೆಯೇ ಹಾಕ್ತೇನೆ" ಎಂದರು ಅತ್ತೆ.

ಕರಿಬಟ್ಟೆಯೊಳಗೆ ತಲೆ ತೂರಿಸಿ ತೆಗೆಯುವ, ಹಲಸಿನಕಾಯಿಯಷ್ಟು ಭಾರದ ಹಳೆ ಕ್ಯಾಮೆರಾ ಅವನಲ್ಲಿತ್ತು. ಅದನ್ನು ಹೊರುವ ಟ್ರೈಪಾಡ್ ಇರಲಿಲ್ಲ. ಕೊನೆಗೆ ರವೂಫಾಕನ ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿತು.

"ಕಾಲು ಸ್ವಲ್ಪ ಜಾರ್ತದೆ. ಎಂತ ತೊಂದರೆ ಇಲ್ಲ ಮಾರಾಯ್ರೆ, ನನ್ನದೂ ಜಾರ್ತದೆ. ನಾನು ಅಂಗಡಿ ನಡೆಸುದಿಲ್ವಾ?" ಎಂದ ರವೂಫಾಕ.

ಜಿತೇಶ್ ಹವಾಯಿ ಚಪ್ಪಲಿ ಕತ್ತರಿಸಿ (ಹೆಂಡತಿ ಬಾಗಿಯದ್ದು, ಹೊಸತು) ಆ ರಬ್ಬರನ್ನು ಕಾಲಿನ ತಿರುಪುಗಳೊಳಗೆ ತುರುಕಿದ. ಕಾಲು ಭದ್ರವಾಯಿತು, ಆದರೆ ಎತ್ತಿ ಇಳಿಸುವಾಗ ಕಿರ್ರ್ ಎಂದಿತು. ಮುಖೇಶನೆದುರು ಕಿರ್ರ್ ಎಂದರೆ ಮಾನ ಉಳಿಯುವುದುಂಟೇ? ನಮ್ಮಲ್ಲಿ ತಲೆನೋವಿನಿಂದ ಬಾಗಿಲ ಬಿಜಾಗರಿಯವರೆಗೆ ಎಲ್ಲದಕ್ಕೂ ಮದ್ದು ಒಂದೇ. ಅವನು ತೆಂಗಿನೆಣ್ಣೆಯ ಬಾಟಲಿ ತಂದ.

"ಗಟ್ಟಿ ಹಿಡಿಯುವಲ್ಲಿಗೆ ಎಣ್ಣೆಯಾ? ಜಾರುದಿಲ್ವಾ?" ಎಂದಳು ಬಾಗಿ.

"ಇದು ಟೆಕ್ನಿಕಲ್ ವಿಷಯ. ನಿನಗೆ ಗೊತ್ತಾಗುದಿಲ್ಲ."

"ಚಪ್ಪಲಿ ನನ್ನದು, ಟೆಕ್ನಿಕ್ ನಿಮ್ಮದು" ಎಂದು ಅವಳು ಒಳಗೆ ಹೋದಳು.

ಭಾನುವಾರ ಅಂಗಳದಲ್ಲಿ ಎಲ್ಲರೂ ಸಾಲಾಗಿ ನಿಂತರು. ಸೀರೆಯ ಅಂಚು ಕಾಣುವುದಿಲ್ಲವೆಂದು ಅತ್ತೆ ಕುರ್ಚಿಯೂ ಬೇಡವೆಂದರು. ಮುಖೇಶನ ಹೆಂಡತಿ ನಿರೀಕ್ಷಾ ಮಾತ್ರ ಮಲ್ಲಿಗೆ ತರಲು ಹೋಗಿದ್ದಳು.

"ನಾನು ಹೇಳುವವರೆಗೆ ಲೆನ್ಸ್‌ನಿಂದ ಯಾರೂ ಕಣ್ಣು ತೆಗೀಬಾರ್ದು! ಲೆನ್ಸ್ ಎಲ್ಲಿಯೋ ನಿಮ್ಮ ಮುಖ ಅಲ್ಲಿ!" ಎಂದು ಅಪ್ಪಣೆ ಕೊಡಿಸಿ ಜಿತೇಶ್ ಕರಿಬಟ್ಟೆ ಹೊದ್ದ.

ಎಣ್ಣೆ ಕುಡಿದ ಮೂರು ಕಾಲುಗಳೂ ಒಗ್ಗಟ್ಟಿನಿಂದ, ಸದ್ದಿಲ್ಲದೆ ಇಳಿಯತೊಡಗಿದವು. ಲೆನ್ಸ್ ಇಳಿದಂತೆ ಆಜ್ಞಾಧಾರಕ ಕುಟುಂಬವೂ ಬಗ್ಗಿತು. ಎಲ್ಲರೂ ಜೊತೆಗೇ ಇಳಿದದ್ದರಿಂದ ಕ್ಯಾಮೆರಾದ ಹಿಂಬದಿಯ ಗಾಜಿನಲ್ಲಿ ಜಿತೇಶನಿಗೆ ಎಲ್ಲವೂ ಸರಿಯಾಗಿಯೇ ಕಂಡಿತು. ತನ್ನ ಸೊಂಟ ಬಗ್ಗುತ್ತಿರುವುದನ್ನು ಅವನು ಕಲಾವಿದನ ತನ್ಮಯತೆ ಎಂದುಕೊಂಡ. ಮೊಣಕಾಲು ನೆಲಕ್ಕೆ ತಾಗಿದರೂ ತನ್ಮಯನಾಗಿಯೇ ಇದ್ದ.

"ಇನ್ನೂ ಎಷ್ಟು ಕೆಳಗೆ ಜಿತೇಶ? ನನ್ನ ಕಾಲಿನ ಗಂಟು ಹೋಯ್ತು!" ಎಂದು ಅತ್ತೆ ಕೂಗಿದರು.

ಅವನು ಬಟ್ಟೆ ಸರಿಸಿದ. ಎದುರಿಗೆ ಇಡೀ ಕುಟುಂಬ ಕುಕ್ಕರುಗಾಲಿನಲ್ಲಿ ಕೂತಿತ್ತು, ಅತ್ತೆಯ ರೇಷ್ಮೆ ಸೀರೆ ಮಣ್ಣಿನಲ್ಲಿತ್ತು. ಅವಸರದಿಂದ ಎದ್ದವನ ಕೈ ತಾಗಿ ಕ್ಯಾಮೆರಾ ಉರುಳಿತು. ಅವನ ಬೆನ್ನ ಹಿಂದೆ, ಗೇಟಿನ ಬಳಿಯಿಂದ ನಗು ಕೇಳಿಸಿತು. ನಿರೀಕ್ಷಾ, ಒಂದು ಕೈಯಲ್ಲಿ ಮಲ್ಲಿಗೆ, ಇನ್ನೊಂದರಲ್ಲಿ ದುಬೈ ಫೋನು.

ಅತ್ತೆ ಮಾತು ತಪ್ಪುವವರಲ್ಲ. ಎದುರು ಬಾಗಿಲಿನ ಮೇಲೆ ಈಗ ದೊಡ್ಡ ಫೋಟೋ ಉಂಟು: ಕುಕ್ಕರುಗಾಲಿನ ಕುಟುಂಬ, ಅವರೆದುರು ಕರಿಬಟ್ಟೆಯೊಳಗೆ ಮಂಡಿಯೂರಿದ ಒಂದು ಆಕೃತಿ.

"ಇದು ಯಾರು?" ಎಂದು ಬಂದವರು ಕೇಳುತ್ತಾರೆ.

"ನಮ್ಮ ಅಳಿಯ" ಎನ್ನುತ್ತಾರೆ ಅತ್ತೆ ಹೆಮ್ಮೆಯಿಂದ.

"ಮುಖವೇ ಕಾಣುದಿಲ್ವಲ್ಲ?"

"ಹೌದು" ಎನ್ನುತ್ತಾಳೆ ಬಾಗಿ, "ಅದಕ್ಕೇ ಚಂದ ಬಂದದ್ದು."