ಮೂರು ದಿನ ಬಿಟ್ಟು ಬರ್ರಿ

ಮರ್ಯಾದೆ ಹೋಗುವುದಕ್ಕೆ ಇಂಥ ದಿನ ಅಂತ ಇಲ್ಲ. ನನ್ನ ದಂಧೆಯಲ್ಲಂತೂ ಅದು ಕಂತಿನ ಮೇಲೆ ಹೋಗುತ್ತದೆ. ಶಹಾಪುರದಲ್ಲಿ ತೆರಿಗೆಯ ಕಾಗದ ತುಂಬಿಕೊಡುವವನು ನಾನು. ಕಾಲುವೆಗೆ ನೀರು ಬಂತು, ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ಗಿರಣಿ, ಗೊಬ್ಬರದಂಗಡಿ, ಅವುಗಳ ಹಿಂದೆ ತೆರಿಗೆ, ತೆರಿಗೆಯ ಹಿಂದೆ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಖೋಲಿ ಹಿಡಿದು ನಾನು. ಬಹಳ ವರ್ಷ ಕೈಯಲ್ಲಿ ಕೂಡಿಸಿ ಕಳೆದು ಬದುಕಿದೆ. ಆಮೇಲೆ ಕಂಪ್ಯೂಟರ್ ಬಂತು. ಅದು ಬಂದ ಮೇಲೆ ಆದವುಗಳಲ್ಲಿ ಹೇಳಬಹುದಾದಷ್ಟನ್ನು ಹೇಳುತ್ತೇನೆ. ಈಗ ಹೇಳುವಾಗ ನಗು ಬರುತ್ತದೆ, ಆಗ ಬಂದಿರಲಿಲ್ಲ.

೧. ನೆತ್ತಿಗೆ ಎಣ್ಣೆ

ದೋರನಹಳ್ಳಿಯಲ್ಲಿ ನಮ್ಮ ಲೆಕ್ಕದ ಮಾಸ್ತರಿದ್ದಾರೆ. ಹೈಸ್ಕೂಲಿನಲ್ಲಿ ನಾನು ಅವರ ಕೈಯಲ್ಲಿ ಕಲಿತವನು. ಕಲಿತವನು ಅನ್ನುವುದು ದೊಡ್ಡ ಮಾತಾಯಿತು. ಪುಸ್ತಕದ ಕೊನೆಯ ಪುಟ ನೋಡಿ ಉತ್ತರ ಮೊದಲೇ ಬರೆದುಕೊಂಡು, ಮೇಲೆ ಬಾಯಿಗೆ ಬಂದ ನಾಲ್ಕು ಹಂತ ತುಂಬುತ್ತಿದ್ದೆ. ಮಾಸ್ತರು ಕಿವಿ ಹಿಂಡಿ, ಉತ್ತರ ಬ್ಯಾಡ, ಹಂತ ತೋರ್ಸು ಅನ್ನುತ್ತಿದ್ದರು.

ನಿವೃತ್ತರಾದ ಮೇಲೆ ಅವರು ಪ್ರತಿ ಜುಲೈಯಲ್ಲಿ ಒಂದು ಬಟ್ಟೆಯ ಚೀಲ ತಂದು ನನ್ನ ಮೇಜಿನ ಮೇಲೆ ಇಡುತ್ತಿದ್ದರು. ಒಳಗೆ ಪಿಂಚಣಿ ಕಾಗದ, ಬ್ಯಾಂಕಿನ ಪುಸ್ತಕ, ವಿಮೆ ರಸೀದಿ. ಚೀಲದ ಬಾಯಿಗೆ ಹಳೆ ಸೀರೆಯ ಅಂಚಿನಿಂದ ಅವರ ಹೆಂಡತಿ ಹಾಕಿದ ಗಂಟು. ಮೊದಲೆಲ್ಲ ಆ ಚೀಲ ಬಿಡಿಸಿ, ಒಂದೊಂದು ಚೀಟಿ ನೋಡಿ ಮುಗಿಸಲು ಖರೇ ಮೂರು ದಿನ ಹಿಡಿಯುತ್ತಿತ್ತು. ಈಗ ಅವರ ಪ್ಯಾನ್ ನಂಬರು ಒತ್ತಿದರೆ ಸಾಕು, ಪಿಂಚಣಿ, ಬಡ್ಡಿ, ಮುರಿದುಕೊಂಡ ತೆರಿಗೆ ಎಲ್ಲ ತಾನೇ ತುಂಬಿಕೊಂಡು ಬರುತ್ತದೆ. ನಾನು ಹೌದು ಅಂತ ಒತ್ತಬೇಕು. ಹತ್ತು ನಿಮಿಷ.

ಹತ್ತು ನಿಮಿಷದ ಕೆಲಸಕ್ಕೆ ಮೂರು ದಿನದ ಫೀಸು ಯಾರು ಕೊಡುತ್ತಾರೆ? ಹಾಗಾಗಿ ಕೆಲಸ ಹೋದರೂ ಮಾತು ಉಳಿಸಿಕೊಂಡೆ. ಮೂರು ದಿನ ಬಿಟ್ಟು ಬರ್ರಿ, ಕೆಲಸಕ್ಕ ಅದರದ್ದೇ ಟೈಮ್ ಹಿಡಿತದ್ರಿ ಅನ್ನುತ್ತಿದ್ದೆ. ಚೀಲ ಗಂಟು ಬಿಚ್ಚದೆ ಕಪಾಟಿನಲ್ಲಿ ಕೂತಿರುತ್ತಿತ್ತು. ಮೂರನೇ ದಿನ ಬಂದವರ ಎದುರು ಕಣ್ಣು ಉಜ್ಜಿಕೊಳ್ಳುತ್ತಿದ್ದೆ. ಬೇರೆಯವರಿಗೆ ಗೊತ್ತಾದರೆ ಫೀಸು ಹೋಗುತ್ತದೆ ಅಷ್ಟೆ. ಮಾಸ್ತರಿಗೆ ಗೊತ್ತಾದರೆ ಯಾವ ಮುಖ ತೋರಿಸಲಿ ಎಂಬ ಹೆದರಿಕೆ ಇದ್ದೇ ಇತ್ತು.

ಒಂದು ವರ್ಷ ನಾನು ಕಣ್ಣು ಉಜ್ಜುವುದನ್ನು ಮಾಸ್ತರು ನೋಡಿಕೊಂಡು ಹೋದರು. ಮರುದಿನ ಮತ್ತೆ ಬಸ್ಸು ಹತ್ತಿ ಬಂದು ಒಂದು ಬಾಟಲಿ ಹರಳೆಣ್ಣೆ ಇಟ್ಟರು. "ನಮ್ಮ ಮನ್ಯಾಕಿ ಕೊಟ್ಟಾಳ, ನೆತ್ತಿಗಿ ಹಚ್ಕೊ. ನಮ್ಮಂಥವರ ಸಲುವಾಗಿ ಕಣ್ಣು ಕಳ್ಕೋಬ್ಯಾಡಪ್ಪ" ಅಂದರು. ನಾಚಿಕೆಯಿಂದ ನೆಲ ನೋಡಿದೆ. ಹಚ್ಚಿಕೊಳ್ಳದಿದ್ದರೆ ಇನ್ನೊಂದು ಮೋಸವಾದೀತೆಂದು ಬಾಟಲಿ ಮುಗಿಯುವವರೆಗೂ ಹಚ್ಚಿಕೊಂಡೆ. ಸುಳ್ಳು ಹೇಳಿದ್ದು ಬಾಯಿ, ಜಿಡ್ಡಾಗಿದ್ದು ತಲೆ.

೨. ಎರಡು ಹೊಟ್ಟೆಗಳ ವಿಚಾರಣೆ

ಸುರಪುರದ ಗೊಬ್ಬರದಂಗಡಿಯವರೊಬ್ಬರಿಗೆ ಇಲಾಖೆಯಿಂದ ನೋಟಿಸು ಬಂತು. ಜಿಎಸ್‌ಟಿಗೆ ತೋರಿಸಿದ ವ್ಯಾಪಾರಕ್ಕೂ ಆದಾಯ ತೆರಿಗೆಗೆ ತೋರಿಸಿದ್ದಕ್ಕೂ ತಾಳೆಯಾಗಿಲ್ಲವೆಂದು ಯಂತ್ರವೇ ಹುಡುಕಿ ತೆಗೆದಿತ್ತು. ಮುಂಚೆ ಇಂಥದ್ದು ಬಂದರೆ ಕಲಬುರಗಿಗೆ ಹೋಗಿ, ಸಾಹೇಬರ ಬಾಗಿಲಲ್ಲಿ ಕೈಕಟ್ಟಿ ನಿಂತು, ಕೂಡ್ರಿ ಅಂದ ಮೇಲೆ ತುದಿಗೆ ಕೂತು ಬರುತ್ತಿದ್ದೆವು. ಈಗ ಸಾಹೇಬರು ಯಾವ ಊರಿನಲ್ಲಿರುತ್ತಾರೋ ದೇವರಿಗೇ ಗೊತ್ತು. ವಿಚಾರಣೆ ಕಂಪ್ಯೂಟರ್ ಪರದೆಯ ಮೇಲೆ.

ಅಂಗಡಿಯವರು ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಅತ್ತರು ಪೂಸಿಕೊಂಡು ಬಂದರು. ಅತ್ತರಿನ ವಾಸನೆ ಅಲ್ಲಿಗೆ ಹೋಗುವುದಿಲ್ಲ ಅಂದೆ. ಇರ್ಲಿ ಬಿಡ್ರಿ, ನಮ್ಮ ಕಡಿಂದ ಕಮ್ಮಿ ಆಗಬಾರ್ದು ಅಂದರು. ಪರದೆಯಲ್ಲಿ ಸಾಹೇಬರ ಮುಖ ಮೂಡಿದ್ದೇ ತಡ, ಹಳೇ ಚಾಳಿ ನೋಡಿ, ಇಬ್ಬರೂ ಒಟ್ಟಿಗೆ ಎದ್ದು ನಿಂತು ಕೈಮುಗಿದೆವು. ಕ್ಯಾಮೆರಾ ಇದ್ದದ್ದು ಮೇಜಿನ ಎತ್ತರಕ್ಕೆ. ಅವರಿಗೆ ಕಂಡದ್ದು ಎರಡು ಹೊಟ್ಟೆ, ಆರು ಗುಂಡಿ. ಮುಖ ತೋರಿಸಿ ಅಂದರು. ನಾನು ವಿನಯದಿಂದ ಬಗ್ಗಿದೆ. ಆಗ ಹರಳೆಣ್ಣೆಯ ನೆತ್ತಿ ಪರದೆ ತುಂಬಿತು. ಸಾಹೇಬರು ಕಣ್ಣು ಕಿರಿದು ಮಾಡಿ, ನಿಮ್ಮಲ್ಲಿ ಬೆಳಕು ಜಾಸ್ತಿಯಾಗಿದೆ, ದೀಪ ಆರಿಸಿ ಅಂದರು. ದೀಪ ಹಚ್ಚಿಯೇ ಇರಲಿಲ್ಲ.

ಹೇಗೋ ತಪ್ಪು ಎಲ್ಲಾಗಿದೆ ಎಂದು ತೋರಿಸಿಕೊಟ್ಟೆ, ನೋಟಿಸು ಮುಗಿಯಿತು. ಆ ತಪ್ಪು ಮಾಡಿದವನು ನಾನೇ ಅನ್ನುವುದನ್ನು ಅಂಗಡಿಯವರಿಗೆ ಹೇಳಲು ಬಾಯಿ ಬರಲಿಲ್ಲ. ಅವರು ಈಗಲೂ ಸುರಪುರದ ಬಜಾರಿನಲ್ಲಿ ಹೇಳುತ್ತಿರುತ್ತಾರೆ: "ಸಾಹೇಬ್ರು ಹೊಟ್ಟಿ ಅಷ್ಟೇ ನೋಡ್ಯಾರ, ಅದಕ್ಕ ಬಿಟ್ಟಾರ. ಇವನ ಮಾರಿ ನೋಡಿದ್ರ ಬಿಡ್ತಿದ್ದಿಲ್ಲ."

೩. ಕಾಲುವೆಯ ಗಡುವು

ನಮ್ಮ ಕಡೆ ಜನ ಅಂಗಿ ಬದಲಿಸಿದಂತೆ ಸಿಮ್ ಬದಲಿಸುತ್ತಾರೆ. ಅದಕ್ಕೆ ಗಿರಾಕಿಗಳ ಖಾತೆಗೆಲ್ಲ ನನ್ನದೇ ಮೊಬೈಲ್ ನಂಬರು ಕೊಟ್ಟುಬಿಟ್ಟಿದ್ದೆ. ಯಾರ ಕಾಗದ ಕಳಿಸಿದರೂ ಒಪ್ಪಿಗೆಯ ಓಟಿಪಿ ನನ್ನ ಜೇಬಿಗೇ ಬರುತ್ತಿತ್ತು. ಯಾರನ್ನೂ ಕೇಳುವ ಗೋಜಿಲ್ಲ.

ಕೊನೆಯ ತಾರೀಖಿಗೆ ನಾಲ್ಕು ದಿನ ಇದ್ದಾಗ ಭೀಮರಾಯನಗುಡಿಗೆ ಹೋಗಿದ್ದೆ. ಬರುವಾಗ ಕಾಲುವೆಯಲ್ಲಿ ಮುಖ ತೊಳೆಯೋಣವೆಂದು ಬಗ್ಗಿದೆ. ಅಂಗಿಯ ಜೇಬಿನಿಂದ ಮೊಬೈಲು ಜಾರಿ ಬುಳಕ್ಕನೆ ಹೋಯಿತು. ಅರ್ಧ ತಾಲ್ಲೂಕಿನ ಓಟಿಪಿ ನೀರುಪಾಲು. ದಂಡೆಯ ಮೇಲೆ ಕಾಲುವೆಯ ಗೇಟು ನೋಡುವವನು ತಂಬಾಕು ತಿಕ್ಕುತ್ತ ಕೂತಿದ್ದ. ಅವನಿಗೆ ಕೈಮುಗಿದು, ಒಂದು ತಾಸು ನೀರು ಕಮ್ಮಿ ಮಾಡಪ್ಪ, ಹುಡುಕುತ್ತೇನೆ ಅಂದೆ. ಅವನು ನೀರು ನೋಡಿದ, ನನ್ನನ್ನು ನೋಡಿದ. ಇನ್ನೂ ಎಂಟು ದಿನ ನೀರಿನ ಸರದಿ ಇದೆಯಂತೆ.

"ಎಂಟು ದಿನ ಬಿಟ್ಟು ಬರ್ರಿ" ಅಂದ.

ನಾಲ್ಕೇ ದಿನ ಉಳಿದಿದೆ, ಎಷ್ಟೋ ಮಂದಿಯ ಕೆಲಸ ನಿಲ್ಲುತ್ತದೆ ಎಂದು ಅಂಗಲಾಚಿದೆ. ಅದೇ ನಂಬರಿನ ಹೊಸ ಸಿಮ್ ಮರುದಿನ ಸಿಕ್ಕೀತೆಂಬುದು ಆ ಗಾಬರಿಯಲ್ಲಿ ಹೊಳೆಯಲೇ ಇಲ್ಲ. ಅವನು ತಂಬಾಕು ಬಾಯಿಗೆ ಇಟ್ಟುಕೊಂಡು, ಬಹಳ ಸಮಾಧಾನದಿಂದ ಹೇಳಿದ: "ಕೆಲಸಕ್ಕ ಅದರದ್ದೇ ಟೈಮ್ ಹಿಡಿತದ್ರಿ."

೪. ಗಂಟು

ಅಲ್ಲಿಗಾದರೂ ಬುದ್ಧಿ ಬರಬೇಕಿತ್ತು. ಹೋದ ವರ್ಷ ಒಂದು ಭಾನುವಾರ ಪುರಸೊತ್ತಿತ್ತು. ಮಾಸ್ತರು ನಾಳೆ ಚೀಲ ತರುತ್ತಾರೆ, ಹೇಗಿದ್ದರೂ ಚೀಲ ಬೇಕಾಗಿಲ್ಲವಲ್ಲ ಎಂದು ಅವರ ಕಾಗದ ಅವತ್ತೇ ಕಳಿಸಿಬಿಟ್ಟೆ. ಸೋಮವಾರ ಅವರು ಚೀಲ ತಂದರು. ಮೂರು ದಿನ ಬಿಟ್ಟು ಬರ್ರಿ ಸರ್ ಅಂದೆ.

ಗುರುವಾರ ಬಂದರು. ಕಣ್ಣು ಉಜ್ಜಿಕೊಂಡು, ಒಂದೊಂದು ಚೀಟಿ ತಿರುವಿ ಹಾಕೀನ್ರಿ ಎಂದು ಚೀಲ, ರಸೀದಿ ಎರಡೂ ಮುಂದಿಟ್ಟೆ. ಮಾಸ್ತರು ಕನ್ನಡಕ ಏರಿಸಿ ರಸೀದಿಯ ತಾರೀಖು ಓದಿದರು. ಲೆಕ್ಕದ ಮಾಸ್ತರು, ಅಂಕಿ ಬಿಟ್ಟು ಬೇರೆ ಓದುವವರಲ್ಲ. ನಾನು ಚೀಲ ತಂದದ್ದು ಸೋಮವಾರ, ನೀನು ಭಾನುವಾರನ ಕಳ್ಸಿಯಲ್ಲೋ ಅಂದರು. ಕಂಪ್ಯೂಟರಿನ ತಾರೀಖು ಒಮ್ಮೊಮ್ಮೆ ಹಿಂದೆ ಮುಂದೆ ಆಗುತ್ತದೆ ಅಂದೆ. ಅವರು ಹೂಂ ಅಂದು, ಮತ್ತೆ ಹೋಳಿಗಿ ಹೆಂಗಿದ್ವು ಎಂದು ಕೇಳಿದರು.

ಯಾವ ಹೋಳಿಗೆ ಎಂದು ಕೇಳುವ ಧೈರ್ಯ ಬರಲಿಲ್ಲ. ಬಹಳ ರುಚಿ ಇದ್ದವು ಸರ್, ಮನೆಯವರೂ ತಿಂದರು ಅಂದುಬಿಟ್ಟೆ.

ಮಾಸ್ತರು ಚೀಲ ಹತ್ತಿರ ಎಳೆದುಕೊಂಡು ಗಂಟು ಬಿಚ್ಚಿದರು. ಮೇಲುಗಡೆಯೇ ಕಾಗದದಲ್ಲಿ ಸುತ್ತಿದ ಆರು ಶೇಂಗಾ ಹೋಳಿಗೆ. ಅವುಗಳ ಮೇಲೆ ಶಹಾಪುರದ ಅಷ್ಟೂ ಇರುವೆ. ಕೆಳಗೆ ಆಸ್ಪತ್ರೆಯ ಬಿಲ್ಲುಗಳ ಕಟ್ಟು, ಅದರ ಮೇಲೆ ಅವರ ದುಂಡು ಅಕ್ಷರದ ಚೀಟಿ: ಇವು ಲೆಕ್ಕಕ್ಕೆ ಬರುತ್ತಾವೇನು ನೋಡು. ಹೆಂಡತಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತಂತೆ, ಒಂದರ ಆಪರೇಷನ್ ಆಗಿದೆ. ತೆರಿಗೆಯಲ್ಲಿ ನಾಲ್ಕು ಕಾಸು ವಾಪಸ್ ಬಂದರೆ ಇನ್ನೊಂದು ಕಣ್ಣಿನದು ಮಾಡಿಸುವ ಲೆಕ್ಕ ಅವರದು. ಬ್ಯಾಂಕಿನ ಬಡ್ಡಿಯೆಲ್ಲ ತಿಳಿದ ಯಂತ್ರಕ್ಕೆ ಈ ಕಣ್ಣಿನ ಸುದ್ದಿ ತಿಳಿದಿರಲಿಲ್ಲ. ಅದು ಚೀಲದೊಳಗೆ ಇತ್ತು. ಸರಿಯಾಗಿ ಕಾಣದ ಆ ತಾಯಿ ಕೈಯಿಂದ ತಡವಿ ಹಾಕಿದ ಗಂಟನ್ನು, ಎರಡೂ ಕಣ್ಣು ನೆಟ್ಟಗಿದ್ದ ನಾನು ಬಿಚ್ಚಿರಲಿಲ್ಲ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ.

ಮಾಸ್ತರು ಸಿಟ್ಟಾಗಲಿಲ್ಲ. ಒಂದು ಹೋಳಿಗೆ ತೆಗೆದು, ಇರುವೆ ಊದಿ, ನನ್ನ ಕೈಗೆ ಕೊಟ್ಟರು.

"ಕೊನೀ ಪುಟ ನೋಡಿ ಉತ್ತರ ಬರಿಯೋ ಚಟ ಇನ್ನಾ ಹೋಗಿಲ್ಲ ನಿಂದು. ತಿನ್ನು."

ತಿಂದೆ. ನಿಜಕ್ಕೂ ರುಚಿಯಾಗಿತ್ತು, ಹೇಳುವ ಮುಖ ಮಾತ್ರ ಉಳಿದಿರಲಿಲ್ಲ. ಬಿಲ್ಲು ಲೆಕ್ಕಕ್ಕೆ ಬರುತ್ತವೆ, ತಿದ್ದಿ ಮತ್ತೆ ಕಳಿಸಲು ಇಲಾಖೆಯಲ್ಲಿ ಅವಕಾಶವಿದೆ, ಫೀಸು ಬೇಡ ಅಂದೆ. ಆದರೆ ಬಿಲ್ಲುಗಳೋ ಒಂದೊಂದು ಒಂದೊಂದು ಕೈಬರಹ, ಚೆಕ್ಕು ಕೊಟ್ಟದ್ದನ್ನೆಲ್ಲ ಬ್ಯಾಂಕಿನ ಪುಸ್ತಕಕ್ಕೆ ಹೊಂದಿಸಬೇಕು, ಕಳೆದುಹೋದವುಗಳ ನಕಲು ತರಿಸಬೇಕು. ಎಷ್ಟೋ ವರ್ಷಗಳ ಮೇಲೆ ಮೊದಲ ಸಲ ಖರೇ ಹೇಳಿದೆ: "ಸರ್, ಮೂರು ದಿನ ಬಿಟ್ಟು ಬರ್ರಿ."

ಮಾಸ್ತರು ಕುರ್ಚಿ ಎಳೆದುಕೊಂಡು, ಚಪ್ಪಲಿ ಕಳೆದು, ನನ್ನ ಎದುರಿಗೇ ಕೂತರು. "ಹಂತ ತೋರ್ಸು" ಅಂದರು.

ಮೂರು ದಿನವೂ ಬೆಳಿಗ್ಗೆ ಹತ್ತಕ್ಕೆ ಬಂದು, ಸಂಜೆ ಐದರ ಬಸ್ಸಿಗೆ ದೋರನಹಳ್ಳಿಗೆ ಹೋದರು. ಮೂರನೇ ದಿನ ಕೊನೆಯ ಬಿಲ್ಲು ಹೊಂದಿಸುವಷ್ಟರಲ್ಲಿ ನನ್ನ ಕಣ್ಣು ಮೆಣಸಿನಕಾಯಿ ಬಿದ್ದಂತೆ ಉರಿಯುತ್ತಿದ್ದವು. ತಡೆಯಲಾಗದೆ ಎರಡೂ ಕೈಯಿಂದ ಉಜ್ಜಿಕೊಂಡೆ.

ಮಾಸ್ತರು ಪೇಪರಿನಿಂದ ತಲೆ ಎತ್ತಲಿಲ್ಲ.

"ಈ ಸಲ ಎಣ್ಣಿ ಸಿಗಂಗಿಲ್ಲ" ಅಂದರು.