ತಾರಸಿ ಗುಂಪಿನ ಮಾನಿಟರು

ನಮ್ಮ ಮಾವನ ಪ್ರಕಾರ ಮನುಷ್ಯರಲ್ಲಿ ಇರುವುದು ಎರಡೇ ಜಾತಿ. ವಿಷಯಕ್ಕೆ ಸರಿಯಾಗಿ ಮಾತಾಡುವವರದು ಒಂದು, ವಿಷಯ ಬಿಟ್ಟು ಮಾತಾಡುವವರದು ಇನ್ನೊಂದು. ಮೊದಲನೆಯ ಜಾತಿಯಲ್ಲಿ ಇಡೀ ಬೆಂಗಳೂರಿಗೆ ಅವರೊಬ್ಬರೇ ಇದ್ದರು! ನಾನು, ನನ್ನ ಅಮ್ಮ, ಮಾವನ ಹೆಂಡತಿಯಾದ ನಮ್ಮ ಅತ್ತೆ, ಹಾಲಿನವನು, ಪುರೋಹಿತರು ಮತ್ತು ಮಲ್ಲೇಶ್ವರದ ಉಳಿದೆಲ್ಲ ಜನ ಎರಡನೆಯದಕ್ಕೆ ಸೇರಿದವರು.

ಈಗ ನಗುತ್ತಾ ಹೇಳುತ್ತಿದ್ದೇನೆ. ಆಗ ನಗುವುದಕ್ಕೂ ನನ್ನಲ್ಲಿ ತ್ರಾಣ ಇರುತ್ತಿರಲಿಲ್ಲ. ಮಾವ ನನ್ನ ಅಮ್ಮನ ತಮ್ಮ. ಅವರ ಮನೆಯ ಕೆಳಭಾಗದಲ್ಲಿ ನಾನು, ಅಮ್ಮ, ಮೇಲೆ ಅವರಿಬ್ಬರು. ಎರಡು ಮನೆಗೂ ಸೇರಿ ಒಂದೇ ಟೆಲಿಫೋನು. ಬೆಳಗಿನಿಂದ ಕಾಲೇಜಿನಲ್ಲಿ ಪಾಠ ಮಾಡಿ ಗಂಟಲು ಹರಿದುಕೊಂಡು ಬಂದು, ಗೆಳತಿಯೊಬ್ಬಳ ಜೊತೆ ನಾಲ್ಕು ಮಾತಾಡೋಣ ಅಂತ ರಿಸೀವರ್ ಎತ್ತಿದರೆ ಒಳಗಿಂದ ಕಿರ್ರ್, ಕೊಂಯ್ ಎಂದು ಯಾರೋ ಕತ್ತು ಹಿಸುಕಿಸಿಕೊಳ್ಳುತ್ತಿರುವ ಸದ್ದು. ಹಾಗಂದರೆ ಮಾವ ಇಂಟರ್ನೆಟ್ಟಿನಲ್ಲಿದ್ದಾರೆ ಎಂದು ಅರ್ಥ. ಇನ್ನು ಊಟದ ಹೊತ್ತಿನ ತನಕ ನಮ್ಮ ಮನೆಗೆ ಹೊರಗಿನ ಪ್ರಪಂಚ ಇಲ್ಲ!

ಮಾವ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಸರ್ಕಾರಿ ಪತ್ರ ನೋಡಿದ್ದೀರಲ್ಲ, ‘ಮಾನ್ಯರೇ’ ಆದ ಕೂಡಲೆ ‘ವಿಷಯ’ ಎಂದು ಒಂದು ಸಾಲು ಇರುತ್ತದೆ. ಆ ಸಾಲು ಬರೆದೂ ಬರೆದೂ ಅದು ಅವರ ರಕ್ತಕ್ಕೇ ಇಳಿದಿತ್ತು. ನಿವೃತ್ತಿಯಾದ ಮೇಲೆ ತಾರಸಿಯ ತುಂಬ ಕುಂಡ ಇಟ್ಟರು, ಒಂದು ಹಳೆಯ ಕಂಪ್ಯೂಟರ್ ಕೊಂಡರು, ತಾರಸಿಯಲ್ಲಿ ಗಿಡ ಬೆಳೆಸುವವರ ಇಂಟರ್ನೆಟ್ ಗುಂಪೊಂದಕ್ಕೆ ಸೇರಿಕೊಂಡರು. ಗುಂಪು ಕಟ್ಟಿದ್ದ ಮಹಾನುಭಾವ ಜಗಳ ಬಿಡಿಸಿ ಬಿಡಿಸಿ ಸುಸ್ತಾಗಿ, ‘ನೀವೇ ಮಾಡರೇಟರ್ ಆಗಿ ಸಾರ್’ ಎಂದು ಮಾವನ ಕೈಗೆ ಅಧಿಕಾರ ಕೊಟ್ಟು ತಪ್ಪಿಸಿಕೊಂಡ. ಅತ್ತೆಗೆ ಮಾಡರೇಟರ್ ಎಂದು ಹೇಳಲು ಬರುತ್ತಿರಲಿಲ್ಲ. “ನಮ್ಮೋರು ಮಾನಿಟರ್ ಆಗಿದಾರೆ ಕಣೇ, ಗಲಾಟೆ ಮಾಡಿದೋರ ಹೆಸರು ಬರೀತಾರೆ” ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದರು. ಅದಕ್ಕಿಂತ ಸರಿಯಾಗಿ ಯಾರು ಹೇಳಿಯಾರು?

ಗಿಡ ಬೆಳೆಸುವವರು ಸಾಧುಗಳು ಎಂದು ನೀವು ತಿಳಿದಿದ್ದರೆ ಅದು ನಿಮ್ಮ ಭ್ರಮೆ. ದಾಸವಾಳಕ್ಕೆ ಬಿಳಿಹುಳು ಬಿದ್ದಿದೆ, ಏನು ಮಾಡಲಿ ಎಂದು ಒಬ್ಬರು ಕೇಳುವರು. ಮಾರನೆಯ ದಿನಕ್ಕೆ ಅದು ಬೇವಿನ ಹಿಂಡಿಗೆ ಹೋಗುವುದು. ಆಮೇಲೆ ಕ್ರಿಕೆಟ್ಟಿಗೆ. ವಾರ ಕಳೆಯುವುದರೊಳಗೆ ಮಸಾಲೆ ದೋಸೆ ಬಸವನಗುಡಿಯಲ್ಲಿ ಚೆನ್ನಾಗಿರುತ್ತದೋ ಮಲ್ಲೇಶ್ವರದಲ್ಲೋ ಎಂದು ಒಬ್ಬರ ವಂಶವನ್ನು ಇನ್ನೊಬ್ಬರು ಜಾಲಾಡುತ್ತಿರುವರು! ಆಗ ಮಾವ ಬರೆಯುವರು: ‘ಮಾನ್ಯರೇ, ವಿಷಯ: ದಾಸವಾಳದ ಬಿಳಿಹುಳು. ತಮ್ಮ ಪತ್ರದಲ್ಲಿ ದಾಸವಾಳ ಕಾಣಲಿಲ್ಲ. ಹುಳುವೂ ಕಾಣಲಿಲ್ಲ. ದಯವಿಟ್ಟು ಗಮನಿಸುವುದು.’

ಆಗ ಕಂಪ್ಯೂಟರಿನಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವ ಕಾಲ. ಅದರಿಂದಾದ ಅನಾಹುತ ಒಂದೆರಡಲ್ಲ. ಬಸವನಗುಡಿಯ ಒಬ್ಬರು ಗುಲಾಬಿ ಗಿಡ ಒಣಗಿತೆಂದು ದುಃಖ ತೋಡಿಕೊಂಡರು. ನೀರು ಜಾಸ್ತಿಯಾಗಿ ಬೇರಿಗೆ ಕೊಳೆ ಬಂದಿದೆ ಎಂದು ಇನ್ನೊಬ್ಬರು ಉತ್ತರಿಸಿದರು. ಆದರೆ ಅವರು ಬರೆದದ್ದು ಕೆ, ಓ, ಎಲ್, ಇ. ಗುಲಾಬಿಯವರು ಅದನ್ನು ‘ಕೊಲೆ’ ಎಂದು ಓದಿಕೊಂಡರು! “ನನ್ನನ್ನು ಕೊಲೆಗಾರ ಅಂತೀರಾ?” ಎಂದು ಶುರುವಾದ ಯುದ್ಧ ಮೂರು ದಿನ ನಡೆಯಿತು. ಮಾವ ಊಟ ಬಿಟ್ಟು, ‘ಳ’ಕಾರಕ್ಕೂ ‘ಲ’ಕಾರಕ್ಕೂ ಇರುವ ವ್ಯತ್ಯಾಸವನ್ನು ಎರಡೂ ಕಡೆಯವರಿಗೆ ವಿವರಿಸಿದರು. ಕೊನೆಗೆ ಇಬ್ಬರೂ ರಾಜಿಯಾಗಿ, ವ್ಯಾಕರಣ ಈ ಗುಂಪಿನ ವಿಷಯವಲ್ಲ ಎಂದು ಮಾವನ ಮೇಲೇ ದೂರು ಬರೆದರು!

ಗುಂಪಿನಲ್ಲಿ ನಡೆದದ್ದು ಮನೆಯಲ್ಲೂ ನಡೆಯುತ್ತಿತ್ತು. ದೂರದ ನೆಂಟರೊಬ್ಬರು ಮಗಳ ಮದುವೆಗೆ ಕರೆಯಲು ಬಂದು, ಕುಂಕುಮ ಕೊಟ್ಟು, ಹಾಗೇ ತಮ್ಮ ಮಂಡಿನೋವಿನ ಬಗ್ಗೆ ಎರಡು ಮಾತು ಹೇಳಿದರು.

“ಈಗ ನಾವು ಮದುವೆ ವಿಷಯ ಮಾತಾಡ್ತಿದೀವೋ, ಮಂಡಿ ವಿಷಯಾನೋ?” ಎಂದರು ಮಾವ.

ನೆಂಟರು ತಬ್ಬಿಬ್ಬಾಗಿ, “ಮದುವೆದೇ…” ಎಂದರು.

“ಹಾಗಾದ್ರೆ ಅದು ಮುಗೀಲಿ. ಮುಹೂರ್ತ ಎಷ್ಟೊತ್ತಿಗೆ?”

ಅವರು ಹೋದ ಮೇಲೆ ಅತ್ತೆ ಒಳಗಿಂದ ಕೂಗಿದರು. “ರೀ, ಗ್ಯಾಸ್ ಖಾಲಿ ಆಗಿದೆ. ಇದನ್ನ ಯಾವ ವಿಷಯದ ಕೆಳಗೆ ಬರೀಬೇಕು ಹೇಳಿ, ಬರೀತೀನಿ. ಇಲ್ದಿದ್ರೆ ಊಟ ಇಲ್ಲ!”

ಇಷ್ಟೆಲ್ಲ ಸಹಿಸಿಕೊಳ್ಳಬಹುದಿತ್ತು. ಆದರೆ ಗುಂಪಿಗೆ ‘ಕರಿಬೇವು’ ಎಂಬ ಹೆಸರಿಟ್ಟುಕೊಂಡ ಒಬ್ಬ ಆಸಾಮಿ ಬಂದ. ಆತ ಗಿಡದ ಬಗ್ಗೆ ಬರೆದರೆ ಒಂದು ಸಾಲು, ಗಿಡ ನೆಟ್ಟವರ ಬಗ್ಗೆ ಬರೆದರೆ ಒಂದು ಪುಟ. ಚಾಮರಾಜಪೇಟೆಯ ಹೆಂಗಸೊಬ್ಬರು ತಮ್ಮ ಮನೆಯ ಕರಿಬೇವಿನ ಎಲೆ ಯಾಕೆ ಹಳದಿಯಾಗುತ್ತಿದೆ ಎಂದು ಕೇಳಿದ್ದಕ್ಕೆ ಆತ ಉತ್ತರಿಸಿದ: ‘ದಿನಾ ನಿಮ್ಮ ಮುಖ ನೋಡಿ ಅದಕ್ಕೆ ಬೇಜಾರಾಗಿರಬೇಕು. ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಿ. ಅದಕ್ಕೆ ಕಣ್ಣಿರೋದಿಲ್ಲ.’

ಆಕೆ ಗುಂಪು ಬಿಡುತ್ತೇನೆ ಎಂದರು. ಇನ್ನೂ ಕೆಲವರು ಆಕೆಯ ಹಿಂದೆಯೇ ಹೊರಟರು. ಮಾವ ಒಬ್ಬೊಬ್ಬರಿಗೂ ಬರೆದು ಸಮಾಧಾನ ಮಾಡಿದರು. ಆತನಿಗೂ ಎಷ್ಟೋ ಸಲ ಪ್ರತ್ಯೇಕವಾಗಿ ಬರೆದರು. ಆತ ಎರಡು ದಿನ ಸುಮ್ಮನಿದ್ದು ಮತ್ತೆ ಇನ್ನೊಬ್ಬರ ಮೇಲೆ ಎಗರುತ್ತಿದ್ದ. ಒಂದು ಸಂಜೆ ಮೆಟ್ಟಿಲಿಳಿದು ಬಂದು ನಮ್ಮ ಮನೆಯ ಕುರ್ಚಿಯಲ್ಲಿ ಕುಳಿತ ಮಾವನ ಮುಖ ನೋಡಿ ನಾನು ಫೋನಿನ ಜಗಳವನ್ನೂ ಮರೆತೆ.

“ಹೊರಗ್ ಹಾಕ್ದೆ ಕಣಮ್ಮ ಅವರನ್ನ” ಎಂದರು. “ಸಾಕಾಗೋಯ್ತು.”

“ಒಳ್ಳೇದಾಯ್ತು ಬಿಡಿ ಮಾವ.”

“ಒಳ್ಳೇದೇನಲ್ಲ” ಎಂದು ಎದ್ದು ಹೋದರು.

ಅದಾದ ಕೆಲವು ವಾರಕ್ಕೆ, ಎಲ್ಲರೂ ಒಮ್ಮೆ ಮುಖ ನೋಡಿಕೊಂಡರೆ ಜಗಳ ಕಡಿಮೆಯಾದೀತು ಎಂಬ ಆಸೆಯಿಂದ ಮಾವ ಒಂದು ಭಾನುವಾರ ಬೆಳಗ್ಗೆ ಸದಸ್ಯರನ್ನೆಲ್ಲ ನಮ್ಮ ತಾರಸಿಗೆ ಕರೆದರು. ಭಾನುವಾರವೊಂದೇ ನನಗೆ ಮಲಗಲು ಸಿಗುವ ದಿನ. ಅವತ್ತೂ ಕಾಫಿ ಲೋಟ ಹಿಡಿದು ಮೆಟ್ಟಿಲು ಹತ್ತಿ ಇಳಿದು ಮಾಡಿದೆ. ನೋಡಿದರೆ ಏನಾಶ್ಚರ್ಯ! ಕೊಲೆಯ ಆಪಾದನೆ ಹೊತ್ತವರು, ಹೊರಿಸಿದವರು ಒಂದೇ ಬೆಂಚಿನಲ್ಲಿ ಕುಳಿತು ಸಕ್ಕರೆ ಕಾಯಿಲೆಯ ಬಗ್ಗೆ ಅಣ್ಣತಮ್ಮಂದಿರ ಹಾಗೆ ಮಾತಾಡುತ್ತಿದ್ದರು. ಚಾಮರಾಜಪೇಟೆಯ ಹೆಂಗಸು ಡಬ್ಬಿ ತುಂಬ ಚಕ್ಕುಲಿ ತಂದು ಹಂಚುತ್ತಿದ್ದರು. ವಿಷಯಾಂತರವೋ ವಿಷಯಾಂತರ! ಮಾವ ಪಾಪ ಯಾರನ್ನು ಅಂತ ತಡೆದಾರು?

ಆಗ ಮೆಟ್ಟಿಲ ಬಳಿ ಸಣಕಲು ಮನುಷ್ಯರೊಬ್ಬರು ಬಂದು ನಿಂತರು. ಇಸ್ತ್ರಿ ಮಾಡಿದ ಬಿಳಿ ಷರ್ಟು, ಕೈಯಲ್ಲಿ ಒಂದು ಪುಟ್ಟ ಕರಿಬೇವಿನ ಸಸಿ. ಮಾವ ಎದ್ದು ಹೋಗಿ ಕರೆತಂದು, “ಇವರು ಶ್ರೀರಾಂಪುರದವರು. ನಮ್ಮ ಗುಂಪಲ್ಲಿ ಕರಿಬೇವು ಅಂತ ಬರೀತಿದ್ರಲ್ಲ, ಅವರು” ಎಂದರು.

ಚಕ್ಕುಲಿ ಹಂಚುತ್ತಿದ್ದ ಕೈ ಡಬ್ಬಿಯಲ್ಲೇ ನಿಂತಿತು. ನಾನು ಮಾವನನ್ನು ಪಕ್ಕಕ್ಕೆ ಎಳೆದು, “ಇವರನ್ಯಾಕೆ ಕರೆದ್ರಿ?” ಎಂದು ಪಿಸುಗುಟ್ಟಿದೆ.

“ಗುಂಪಿಂದ ಹೊರಗ್ ಹಾಕಿರೋದು. ಮನೆಯಿಂದ ಅಲ್ವಲ್ಲ” ಎಂದರು.

ಆ ಮನುಷ್ಯ ನೇರವಾಗಿ ಚಕ್ಕುಲಿ ಡಬ್ಬಿ ಹಿಡಿದಿದ್ದ ಹೆಂಗಸಿನ ಮುಂದೆ ಹೋಗಿ ನಿಂತರು. ಬಾಯಿ ತೆರೆದರು. ಮಾತು ಬರಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿಹೋಯಿತು. “ಕ್ಷ… ಕ್ಷ…” ಎಂದರು. ಮುಂದಕ್ಕೆ ಹೋಗಲಾಗಲಿಲ್ಲ.

“ಕ್ಷೇಮಾನಾ ಅಂತ ಕೇಳ್ತಿದಾರೆ” ಎಂದರು ಬೆಂಚಿನ ಮೇಲಿದ್ದ ಒಬ್ಬರು. “ಎಲ್ಲ ಕ್ಷೇಮ ಸಾರ್, ಕೂತ್ಕೊಳ್ಳಿ!” ಯಾರೋ ಕಿಸಕ್ಕೆಂದು ನಕ್ಕರು. ಇನ್ನೊಬ್ಬರು ಮುಖ ತಿರುಗಿಸಿ ಗೊಬ್ಬರದ ಮಾತು ತೆಗೆದರು. ಆ ಮನುಷ್ಯ ತಲೆಯಾಡಿಸಿ, ಸಸಿಯನ್ನು ಎದೆಗವಚಿಕೊಂಡು ಮೆಟ್ಟಿಲಿನ ಕಡೆ ತಿರುಗಿದರು.

“ಅವರು ಮಾತಾಡ್ತಿದಾರೆ” ಎಂದರು ಮಾವ.

ದನಿ ಎತ್ತರಿಸಿರಲಿಲ್ಲ. ಆದರೂ ಗೊಬ್ಬರದ ಮಾತು ಅಲ್ಲಿಗೇ ನಿಂತಿತು. ಮಾವ ಒಂದು ಕುರ್ಚಿ ಎಳೆದು ಆತನನ್ನು ಕೂರಿಸಿ, ಎದುರಿಗೆ ತಾವೂ ಕೂತರು. “ನಿಧಾನಕ್ಕೆ ಹೇಳಿ. ನಮಗೇನೂ ಅರ್ಜೆಂಟಿಲ್ಲ.”

ಕಾದೆವು. ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ನನ್ನ ಕೈಯ ತಟ್ಟೆಯಲ್ಲಿದ್ದ ಲೋಟಗಳಲ್ಲಿ ಕಾಫಿ ಕೆನೆ ಕಟ್ಟಿತು. ಯಾರೂ ಅವರ ಮಾತನ್ನು ಮುಂದುವರಿಸಲು ಹೋಗಲಿಲ್ಲ.

“ಕ್ಷಮಿಸಿ ತಾಯಿ” ಎಂದರು ಕೊನೆಗೆ. ಆಮೇಲೆ ಒಂದೊಂದೇ ಪದವನ್ನು ಎತ್ತಿ ಎತ್ತಿ ಇಟ್ಟರು. “ಬಾಯಲ್ಲಿ ಹೇಳೋಕಾಗಲ್ಲ ನಂಗೆ. ಆಫೀಸಲ್ಲೂ ಹಂಗೇ. ಎಲ್ರೂ ಅವರೇ ಹೇಳ್ಬಿಡೋರು. ಬರೆಯೋಕ್ ಕೂತ್ರೆ… ಇಷ್ಟ್ ವರ್ಷದ್ದೆಲ್ಲ ಒಟ್ಟಿಗೇ ಬಂದ್ಬಿಡುತ್ತೆ. ಜೋರಾಗ್ಬಿಡುತ್ತೆ.”

ಆ ಹೆಂಗಸು ಸಸಿ ಇಸಿದುಕೊಂಡರು. ಅದರ ಎಲೆ ಸವರುತ್ತಾ, “ನಮ್ಮನೇದು ಈಗ ಹಸಿರಾಗಿದೆ ಬಿಡಿ. ನಿಮ್ಮ ಬೈಗುಳಕ್ಕೆ ಹೆದರ್ಕೊಂಡಿರ್ಬೇಕು!” ಎಂದು ಅವರ ಕೈಗೆ ಎರಡು ಚಕ್ಕುಲಿ ಇಟ್ಟರು.

ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಹೊರಟರು. ನಾನು ಲೋಟಗಳನ್ನು ತೊಳೆದಿಟ್ಟು ಅತ್ತೆಗೆ ಎಲೆ ಹಾಕಲು ನೆರವಾದೆ. ಮಾವ ಮಾತ್ರ ಬರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದೆ. ಗೇಟಿನ ಹತ್ತಿರ ಬಿಸಿಲಿನಲ್ಲಿ ಅವರಿಬ್ಬರೇ ನಿಂತಿದ್ದರು. ಶ್ರೀರಾಂಪುರದವರ ಕೈಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು, ನಿಲ್ಲುತ್ತಿದ್ದವು, ಮತ್ತೆ ಹುಡುಕುತ್ತಿದ್ದವು. ಮಾವ ಗೇಟಿನ ಮೇಲೆ ಕೈಯಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಾ ನಿಂತಿದ್ದರು.

“ಅನ್ನ ಆರೋಗ್ತಿದೆ, ಕೂಗೇ ನಿಮ್ಮಾವನ್ನ” ಎಂದರು ಅತ್ತೆ.

“ಬೇಡ ಅತ್ತೆ. ಅವರದಿನ್ನೂ ಮುಗ್ದಿಲ್ಲ.”

ಅತ್ತೆ ಬಂದು ನನ್ನ ಪಕ್ಕದಲ್ಲಿ ನಿಂತು ಒಂದು ಗಳಿಗೆ ಕೆಳಗೆ ನೋಡಿದರು. ಆಮೇಲೆ ಒಳಗೆ ಹೋಗಿ ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದರು.