ಹಲಸಿನ ಹಿಡಿಯ ಪಿಸ್ತೂಲು

ವಿಘ್ನಗಳನ್ನು ದಾಟಿಸುವ ಗಣಪತಿಗೂ, ಕೈಹಿಡಿದು ಅಕ್ಷರ ತಿದ್ದಿಸಿದ ಗುರುಗಳಿಗೂ, ಎಪ್ಪತ್ತು ದಾಟಿದ ಈ ದೇಹವನ್ನು ಸ್ವೀಡನ್ನಿನ ಚಳಿಯಲ್ಲಿ ಕಾಪಾಡಿದ ಮಗಳ ಉಣ್ಣೆಯ ಕಾಲುಚೀಲಗಳಿಗೂ ಮೊದಲು ನಮಸ್ಕರಿಸುತ್ತೇನೆ. ಕೃತಜ್ಞತೆ ಹೇಳದೆ ಮಾತು ಆರಂಭಿಸುವುದು ಕೈ ತೊಳೆಯದೆ ಎಲೆಯ ಮುಂದೆ ಕುಳಿತಂತೆ.

ಇನ್ನು ವಿಷಯ. ನಮ್ಮ ಅಳಿಯಂದಿರು ಆಯುಧಪಾಣಿಗಳು! ಗಾಬರಿಯಾಗಬೇಡಿ. ಮನೆಯೊಳಗೆ ಜೇಡ ಕಂಡರೆ ಅದನ್ನು ಅಂಚೆ ಕಾರ್ಡಿನ ಮೇಲೆ ಹತ್ತಿಸಿಕೊಂಡು, ಬಾಲ್ಕನಿಗೆ ಒಯ್ದು, "ಹುಷಾರು, ಹೊರಗೆ ಜಾರುತ್ತೆ" ಎಂದು ಬುದ್ಧಿ ಹೇಳಿ ಬಿಡುವ ಆಯುಧಪಾಣಿಗಳು. ಸೋಡರ್‌ಟೆಲ್ಯೆ ಎಂಬ ಸ್ವೀಡನ್ನಿನ ಊರಿನ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಶನಿವಾರ ಗುರಿಕಾರರ ಕ್ಲಬ್ಬಿಗೆ ಹೋಗಿ ಕಾಗದದ ಹಲಗೆಗೆ ಗುಂಡು ಹೊಡೆಯುತ್ತಾರೆ, ಪ್ರತಿ ಸ್ಪರ್ಧೆಯಲ್ಲೂ ತಪ್ಪದೆ ಕೊನೆಯವರಾಗಿ ಬರುತ್ತಾರೆ. ಕಾಗದಕ್ಕೆ ತೂತು ಕೊರೆಯುವ ಕೆಲಸವನ್ನು ನಮ್ಮ ಮನೆಯ ತಾಳೆಗರಿಗಳ ಮೇಲೆ ಗೆದ್ದಲು ಪುಕ್ಕಟೆಯಾಗಿ ಮಾಡುತ್ತಿತ್ತು. ಅದಕ್ಕೆ ಪರವಾನಗಿ ಬೇಕೆಂದು ಯಾರೂ ಹೇಳಿರಲಿಲ್ಲ.

ಅವರಿಗೆ ಈ ವಿದ್ಯೆ ಕಲಿಸಿದವರು ಅದೇ ಕಾರ್ಖಾನೆಯಿಂದ ನಿವೃತ್ತರಾದ ಸ್ವೀಡಿಷ್ ಹಿರಿಯರೊಬ್ಬರು. ಊರಿಗೆ ಹೊಸಬರಾಗಿ ಬಂದ ಅಳಿಯಂದಿರನ್ನು ಮೊದಲ ಬಾರಿಗೆ ಫಿಕಾಗೆ, ಎಂದರೆ ಕಾಫಿ-ಬನ್ನಿನ ಹರಟೆಗೆ, ಕರೆದವರೂ ಅವರೇ. ನಾನು ಸ್ವೀಡನ್ನಿಗೆ ಹೋಗಿದ್ದ ವರ್ಷ ಆ ಹಿರಿಯರ ಬಲಗೈ ಬೆರಳುಗಳು ಸಂಧಿವಾತದಿಂದ ಸೆಟೆದು, ಪಿಸ್ತೂಲು ಹಿಡಿಯಲಾಗದೆ, ಅದನ್ನು ಅಳಿಯಂದಿರಿಗೇ ಮಾರಿಬಿಟ್ಟರು. "ನನ್ನ ಕೈ ನಿವೃತ್ತಿಯಾಯಿತು" ಎಂದವರು ಕ್ಲಬ್ಬಿಗೆ ಬರುವುದನ್ನೇ ನಿಲ್ಲಿಸಿದರು.

ಅಳಿಯಂದಿರು ಪ್ರತಿಜ್ಞೆ ಮಾಡಿದರು: ಆ ಕೈಗೆ ಒಪ್ಪುವ ಹೊಸ ಹಿಡಿಯನ್ನು ತಾವೇ ಕೆತ್ತಬೇಕು, ವಸಂತದ ಸ್ಪರ್ಧೆಯಲ್ಲಿ ಗುರುಗಳು ಮತ್ತೆ ಗುರಿ ಹಿಡಿಯಬೇಕು. ಉಳಿ ಹಿಡಿದು ಗೊತ್ತೇ? ಗೊತ್ತಿಲ್ಲ! ಹಿರಿಯರು ಅಳತೆಗೆ ಕೈ ಕೊಡುತ್ತಾರೆಯೇ? ಬಿಗುಮಾನದ ಮನುಷ್ಯ, ಕೇಳಿದರೆ ಕೈಯನ್ನು ಜೇಬಿಗಿಳಿಸುತ್ತಾರೆ!

ಪರವಾನಗಿಯ ನಿಯಮದಂತೆ ಗೋಡೆಗೆ ಬಿಗಿದ ಉಕ್ಕಿನ ಕಪಾಟು ಬಂತು, ಅದರೊಳಗೆ ಪಿಸ್ತೂಲು ಹೋಯಿತು. ನಮ್ಮ ಸಾಲಿಗ್ರಾಮಕ್ಕೂ ಅಷ್ಟು ಭದ್ರತೆಯಿರಲಿಲ್ಲ. ಅಷ್ಟರಲ್ಲಿ ನವರಾತ್ರಿ ಬಂತು. ಆಯುಧಪೂಜೆಯ ದಿನ ಮನೆಯಲ್ಲೊಂದು ನಿಜವಾದ ಆಯುಧವಿರುವಾಗ ಬರೀ ಸ್ಕ್ರೂಡ್ರೈವರಿಗೆ ಕುಂಕುಮ ಹಚ್ಚುವುದು ಯಾವ ಶಾಸ್ತ್ರ? ಖಾಲಿ ಪಿಸ್ತೂಲನ್ನು ಹೊರತೆಗೆಸಿ ಗಂಧ, ಕುಂಕುಮ, ಅಕ್ಷತೆಗಳಿಂದ ವಿಧಿವತ್ತಾಗಿ ಪೂಜಿಸಿದೆ. ಶನಿವಾರ ಕ್ಲಬ್ಬಿನಲ್ಲಿ ಆಯುಧಗಳನ್ನು ಪರಿಶೀಲಿಸುವ ಮಹಿಳೆ ನಳಿಗೆಯೊಳಗಿಂದ ಕೆಂಪು ಅಕ್ಕಿಕಾಳುಗಳನ್ನು ಉದುರಿಸಿ, ಇದು ಯಾವ ಬಗೆಯ ಗುಂಡು ಎಂದು ಕೇಳಿದರಂತೆ.

"ಗುಂಡಲ್ಲ, ನಮ್ಮ ಮಾವನವರ ಆಶೀರ್ವಾದ" ಎಂದರಂತೆ ಅಳಿಯಂದಿರು.

"ಆಶೀರ್ವಾದವನ್ನು ಪೂರ್ತಿ ತೆಗೆದ ಮೇಲೆ ಹೊಡೆಯಿರಿ" ಎಂದರಂತೆ ಆಕೆ.

ಮುಂದಿನದು ಮರದ ಪ್ರಶ್ನೆ. ಕಾಲಿಂಗ್ ಕಾರ್ಡು ಕೆರೆದು ಉಡುಪಿಯ ಕಡೆಯ ನಮ್ಮ ಆಚಾರಿಗೆ ಫೋನು ಹೋಯಿತು. ಆಚಾರಿ ಸ್ಪಷ್ಟವಾಗಿ ಹೇಳಿದ: "ಹಲಸೇ ಆಗ್ಬೇಕು ಮಾರಾಯ್ರೆ. ಆದ್ರೆ ಎಂತಕ್ಕೆ ಅಂತ ನಂಗೆ ಹೇಳ್ಬೇಡಿ, ಪೊಲೀಸ್ನೋರು ಕೇಳಿದ್ರೆ ಕಷ್ಟ."

ಬರ್ಚ್ ಮತ್ತು ಪೈನ್ ಮರಗಳ ಆ ದೇಶದಲ್ಲಿ ಹಲಸು ಎಲ್ಲಿದೆ? ನಮ್ಮ ಮನೆಯಲ್ಲೇ ಇತ್ತು! ಮಗಳು ಕಮ್ಯೂನಿನ, ಎಂದರೆ ಪುರಸಭೆಯ, ಕಚೇರಿಯಿಂದ ಮರಳುವಷ್ಟರಲ್ಲಿ ಅವಳ ಮದುವೆಯ ಹಲಸಿನ ಹಸೆಮಣೆಗೆ ಒಂದು ಮೂಲೆ ಇರಲಿಲ್ಲ.

"ಏನ್ರೀ ಇದು! ನಾವಿಬ್ರೂ ಕೂತ ಮಣೆ!"

"ನಿನ್ನ ಸೈಡ್ ಮುಟ್ಟಿಲ್ಲ ಕಣೇ. ನನ್ನ ಸೈಡ್ ಮಾತ್ರ ಕಟ್ ಮಾಡಿದ್ದು."

"ಸರಿ, ಇನ್ಮೇಲೆ ಹಬ್ಬದೂಟಕ್ಕೆ ನೀವು ಪಿಸ್ತೂಲಿನ ಮೇಲೇ ಕೂತ್ಕೊಳ್ಳಿ."

ಈಗ ಕೈ ಬೇಕಿತ್ತು. ಹಿಂದೊಮ್ಮೆ ಆ ಹಿರಿಯರು ಮನೆಗೆ ಬಂದಿದ್ದಾಗ ಅವರೂ ನಾನೂ ಕಾಫಿಯ ಲೋಟವನ್ನು ಒಂದೇ ರೀತಿ, ಎರಡೂ ಅಂಗೈಗಳ ನಡುವೆ, ಬೆರಳು ಬಾಗಿಸದೆ ಹಿಡಿದಿದ್ದನ್ನು ಅಳಿಯಂದಿರು ಗಮನಿಸಿದ್ದರು. ನನ್ನ ಬೆರಳುಗಳಿಗೂ ಅದೇ ವ್ಯಾಧಿ.

"ಮಾವ, ಸ್ವಲ್ಪ ಕೈ ಕೊಡ್ತೀರಾ?"

"ಏತಕ್ಕೆ?"

"ಪಿಸ್ತೂಲಿಗೆ."

ನಾರಾಯಣ! ಪೂಜೆಯ ಉದ್ಧರಣೆ, ಜಪಮಾಲೆ, ವ್ಯಾಕರಣದ ಪುಸ್ತಕ ಬಿಟ್ಟರೆ ಬೇರೇನನ್ನೂ ಹಿಡಿಯದ ಕೈ! ಒಂದು ದಿನ ಯೋಚಿಸಿದೆ. ಶಿಷ್ಯನೊಬ್ಬ ಗುರುವಿಗಾಗಿ ಮಾಡುವ ಸೇವೆಗೆ ಅಡ್ಡ ಬಂದವನಿಗೆ ಯಾವ ಪ್ರಾಯಶ್ಚಿತ್ತವೂ ನನಗೆ ಹೊಳೆಯಲಿಲ್ಲ. ಕೈ ನೀಡಿದೆ. ಅಳಿಯಂದಿರು ಅದರಲ್ಲಿ ಚಪಾತಿ ಹಿಟ್ಟಿನ ಮುದ್ದೆಯಿಟ್ಟು "ಹಿಡೀರಿ" ಎಂದರು. ಅಡುಗೆಮನೆಯಿಂದ ಮಗಳು ಕೂಗಿದಳು: "ಅದು ಊಟಕ್ಕೆ ಕಲಸಿದ್ದು ರೀ!" ಆ ಅಚ್ಚು ಒಣಗಿ ಬಿರುಕು ಬಿಟ್ಟಿತು. ಆಮೇಲೆ ನನ್ನ ಕೈಯೇ ಅಚ್ಚಾಯಿತು. ಚಳಿಗಾಲದುದ್ದಕ್ಕೂ ಅವರು ಕೆಲಸದಿಂದ ಬಂದೊಡನೆ ಬರಿಯ ಮರದ ತುಂಡನ್ನು ನನ್ನ ಅಂಗೈಗಿಟ್ಟು, "ಇಲ್ಲಿ ನೋಯುತ್ತಾ? ಇಲ್ಲಿ?" ಎಂದು ಕೇಳುವುದು, ಅಷ್ಟು ಅರದಿಂದ ಉಜ್ಜುವುದು, ಮತ್ತೆ ಕೇಳುವುದು. ಮದುವೆಯಾದ ಹತ್ತು ವರ್ಷದಲ್ಲಿ "ಊಟ ಆಯ್ತಾ ಮಾವ" ಎಂಬುದನ್ನು ದಾಟದ ನಮ್ಮ ಸಂಭಾಷಣೆ ಹೆಬ್ಬೆರಳಿನ ಬುಡದವರೆಗೂ ವಿಸ್ತರಿಸಿತು. ಸಿದ್ಧವಾದ ಹಿಡಿ ನೋಡಲು ಸುಟ್ಟ ಬದನೆಕಾಯಿಯಂತಿತ್ತು. ಅಳಿಯಂದಿರ ಕೈಗೆ ಒಂದಿಷ್ಟೂ ಹೊಂದುತ್ತಿರಲಿಲ್ಲ.

ಸ್ಪರ್ಧೆಯ ದಿನ ಮಗಳು ಏಲಕ್ಕಿ ಬನ್ನಿನ ಆಸೆ ತೋರಿಸಿ ಹಿರಿಯರನ್ನು ಕರೆತಂದಳು. ಅವರು ಕೈಗಳನ್ನು ಜೇಬಿನಲ್ಲಿಟ್ಟು ದೂರ ನಿಂತರು. ತಮ್ಮ ಸರದಿ ಬಂದಾಗ ಅಳಿಯಂದಿರು ಪಿಸ್ತೂಲನ್ನು ಮೇಜಿನ ಮೇಲಿಟ್ಟು, ತಮಗೆ ಕೈನೋವೆಂದೂ, ಗುರಿ ಸರಿಯಿದೆಯೇ ಎಂದು ಒಮ್ಮೆ ನೋಡಿಕೊಡಬೇಕೆಂದೂ ಬೇಡಿದರು. ಹಿರಿಯರು ಅಂದದ್ದನ್ನು ಮಗಳು ನನ್ನ ಕಿವಿಯಲ್ಲಿ ಅನುವಾದಿಸಿದಳು: "ಸುಳ್ಳುಗಾರ ಅಂತಿದಾರೆ ಅಪ್ಪ."

ಆದರೂ ಬಂದರು. ಜೇಬಿನಿಂದ ಕೈ ತೆಗೆದು ಹಿಡಿಯ ಮೇಲಿಟ್ಟರು. ಬೆರಳುಗಳು ಒಂದೊಂದಾಗಿ ತಮ್ಮ ತಮ್ಮ ತಗ್ಗುಗಳಲ್ಲಿ ಕುಳಿತವು. ಐದು ಗುಂಡು. ಎರಡು ಹಲಗೆಗೇ ತಾಗಲಿಲ್ಲ, ಎರಡು ಅಂಚಿನಲ್ಲಿ ಹೋದವು, ಒಂದು ಕಪ್ಪು ವೃತ್ತದೊಳಗೆ ಬಿತ್ತು. ಅಂದು ಕೊನೆಯ ಸ್ಥಾನ ನಮ್ಮ ಅಳಿಯಂದಿರಿಗೆ ತಪ್ಪಿತು, ಗುರುಗಳಿಗೆ ದೊರೆಯಿತು.

ಹಿರಿಯರು ಹಿಡಿಯನ್ನು ತೋರಿಸಿ ಏನೋ ಕೇಳಿದರು. ಅಳಿಯಂದಿರು ನನ್ನತ್ತ ತೋರಿಸಿದರು. ಹಿರಿಯರು ನೆಟ್ಟಗೆ ನಡೆದು ಬಂದು, ನನ್ನ ಕೈಗವಸನ್ನು ಮೆಲ್ಲಗೆ ಕಳಚಿ, ತಮ್ಮ ಅಂಗೈಯನ್ನು ನನ್ನದಕ್ಕೆ ಹೊಂದಿಸಿ ಇಟ್ಟುಕೊಂಡು ನಿಂತರು. ಎಲ್ಲಿ ಒತ್ತಬಾರದೆಂದು ಆ ಕೈಗೆ ಗೊತ್ತಿತ್ತು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು ಬಾರದು. ಬಹಳ ಹೊತ್ತು ಇಬ್ಬರೂ ಕೈ ಬಿಡಲಿಲ್ಲ.

ಆ ಅಂಗಳದಲ್ಲಿ ಅಂದು ನಿಂತಿದ್ದವರೆಲ್ಲರ ಬೆರಳುಗಳನ್ನು ಭಗವಂತ ನೋವಿಲ್ಲದಂತೆ ಇರಿಸಲಿ. ನೋವು ಬಂದರೂ, ಎಲ್ಲಿ ನೋಯುತ್ತದೆಂದು ಕೇಳುವವರೊಬ್ಬರನ್ನು ಪ್ರತಿಯೊಬ್ಬರಿಗೂ ಕರುಣಿಸಲಿ.